ಮಾತು ಮುಗಿದ ಮೇಲೆ ಬೆಲೆ ಇಳಿದರೆ: ಕಾಫಿ ವ್ಯಾಪಾರಿಗಳಿಗೊಂದು ಬಹಿರಂಗ ಪತ್ರ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ಮತ್ತು ಮೆಣಸು ಖರೀದಿದಾರರಿಗೆ, ಹಲ್ಲಿಂಗ್ ಮಿಲ್ಲಿನವರಿಗೆ, ಕ್ಯೂರಿಂಗ್ ಕಂಪನಿಗಳ ಏಜೆಂಟರಿಗೆ,



ನಿಮ್ಮಲ್ಲಿ ಬಹಳಷ್ಟು ಜನ ನಮಗೆ ಹೊಸಬರಲ್ಲ. ತಂದೆಯ ಕಾಲದಿಂದ ಒಂದೇ ಅಂಗಡಿಗೆ ಮಾಲು ಹಾಕುತ್ತ ಬಂದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ, ಬಟವಾಡೆಯ ಹಿಂದಿನ ದಿನ ಕೈಯಲ್ಲಿ ಕಾಸಿಲ್ಲದಾಗ ನೀವು ಕೊಟ್ಟ ಮುಂಗಡದಿಂದ ಮಾನ ಉಳಿಸಿಕೊಂಡವರು ನಾವು. ಅದನ್ನು ಮರೆತು ಈ ಪತ್ರ ಬರೆಯುತ್ತಿಲ್ಲ. ಹೇಳಬೇಕಾದ ವಿಷಯ ಒಂದೇ. ದರ ಗೊತ್ತುಮಾಡಿ, ಮಾತು ಮುಗಿಸಿ, ಬೆಲೆ ಇಳಿದ ಕೂಡಲೇ ಆ ಮಾಲಿನಿಂದ ಹಿಂದೆ ಸರಿಯುವ ಅಭ್ಯಾಸ ನಮ್ಮ ಸೀಮೆಯಲ್ಲಿ ಬೆಳೆಯುತ್ತಿದೆ. ಹಿಂದೆ ಸರಿದದ್ದನ್ನು ಬಾಯಿಬಿಟ್ಟು ಹೇಳದೆ ಬೆಳೆಗಾರನನ್ನು ಕಾಯಿಸುವುದು ಅದಕ್ಕಿಂತ ಹೆಚ್ಚಾಗಿ ಬೆಳೆಯುತ್ತಿದೆ. ಈ ಎರಡನೆಯದೇ ದೊಡ್ಡ ಅನ್ಯಾಯ ಎಂದು ನಾನು ತಿಳಿದಿದ್ದೇನೆ.

ಕಳೆದ ಕೆಲವು ವರ್ಷಗಳ ಮಾರುಕಟ್ಟೆ ನಮಗೂ ನಿಮಗೂ ತಲೆ ತಿರುಗಿಸಿತು. 2024ರ ಬೇಸಗೆಯಲ್ಲಿ 50 ಕೆಜಿ ರೋಬಸ್ಟಾ ಚೆರ್ರಿ ಮೂಟೆ 10,000 ರೂಪಾಯಿ ಮುಟ್ಟಿದಾಗ ಹಳಬರು ನಂಬಲಿಲ್ಲ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು, ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 5,500 ಡಾಲರಿಗಿಂತ ಮೇಲೆ ಹೋಯಿತು. ನಮ್ಮ ಕಣಗಳಲ್ಲಿ ರೋಬಸ್ಟಾ ಒಣಗುತ್ತಿದ್ದ ಕಾಲ ಅದು. ಆಮೇಲೆ ಇಳಿಜಾರು. ಜುಲೈ ಹೊತ್ತಿಗೆ ಅರೇಬಿಕಾ 3 ಡಾಲರಿಗಿಂತ ಕೆಳಗಿತ್ತು, ರೋಬಸ್ಟಾ 3,500 ಡಾಲರಿಗಿಂತ ಕೆಳಗಿತ್ತು. ಏರುವಾಗ ನೀವು ಬೆಳಿಗ್ಗೆ ವಾಟ್ಸಾಪಿನಲ್ಲಿ ಹಾಕಿದ ದರ ಮಧ್ಯಾಹ್ನಕ್ಕೆ ಹಳತಾಗುತ್ತಿತ್ತು. ಇಳಿಯುವಾಗಲೂ ಹಾಗೆಯೇ. ಇಂಥ ಏರಿಳಿತದ ನಡುವೆ ಕೊಟ್ಟ ಮಾತು ನಡೆಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಬೆಲೆ ಕದಲದೆ ನಿಂತ ವರ್ಷ ಮಾತು ಉಳಿಸಿಕೊಳ್ಳಲು ಯಾರಿಗೂ ಕಷ್ಟವಿಲ್ಲ. ಮಾತಿನ ಅಗತ್ಯ ಬೀಳುವುದೇ ಇಂಥ ವರ್ಷದಲ್ಲಿ.

ಬಾಳೂರು ಕಡೆಯ ಒಬ್ಬ ಸಣ್ಣ ಬೆಳೆಗಾರರ ಪ್ರಸಂಗ ಹೇಳುತ್ತೇನೆ. ವ್ಯಾಪಾರಿಯ ಹೆಸರು ಇಲ್ಲಿ ಬೇಡ. ಒಬ್ಬರನ್ನು ಬೀದಿಗೆಳೆಯುವುದು ನನ್ನ ಉದ್ದೇಶವಲ್ಲ. ಮಾರ್ಚಿನಲ್ಲಿ ಖರೀದಿದಾರರ ಕಡೆಯವರು ಮನೆಗೆ ಬಂದರು, ಮೂಟೆ ಮೂಟೆಗೆ ಬಂಬು ಹಾಕಿ ಸ್ಯಾಂಪಲ್ ತೆಗೆದರು, ತೇವ ನೋಡಿದರು, ಓಟಿ ಮಾಡಿಸಿದರು. ದರ ಮಾತಾಯಿತು. ಸಣ್ಣ ಮೊತ್ತದ ಮುಂಗಡವೂ ಕೈಗೆ ಬಂತು. ‘ವಾರದೊಳಗೆ ಲಾರಿ ಕಳಿಸ್ತೀವಿ, ಬೇರೆಯವರಿಗೆ ತೋರಿಸಬೇಡಿ’ ಎಂದರು. ಬೆಳೆಗಾರರು ತೋರಿಸಲಿಲ್ಲ. ಪಕ್ಕದೂರಿನ ಇನ್ನೊಬ್ಬ ವ್ಯಾಪಾರಿ ಬಂದು ಕೇಳಿದಾಗ ‘ಮಾತಾಗಿದೆ’ ಎಂದು ವಾಪಸ್ ಕಳಿಸಿದರು. ಲಾರಿ ಬರಲಿಲ್ಲ. ಫೋನ್ ಮಾಡಿದರೆ ಮೊದಲು ‘ಡ್ರೈವರ್ ಇಲ್ಲ’, ಆಮೇಲೆ ‘ಗೋದಾಮು ತುಂಬಿದೆ’, ಆಮೇಲೆ ಉತ್ತರವೇ ಇಲ್ಲ. ಏಪ್ರಿಲ್ ಕಳೆಯಿತು, ಮೇ ತಿಂಗಳ ಮಳೆ ಬಿತ್ತು. ಕೊನೆಗೆ ಬಂದವರು ಮತ್ತೆ ಸ್ಯಾಂಪಲ್ ತೆಗೆದು ‘ತೇವ ಹೆಚ್ಚಿದೆ, ಓಟಿ 28 ಬರುವುದಿಲ್ಲ, 26ಕ್ಕೆ ಲೆಕ್ಕ ಮಾಡೋಣ, ದರವೂ ಇವತ್ತಿನದು’ ಎಂದರು. ಸೊಸೈಟಿ ಸಾಲದ ಗಡುವು ಮುಗಿದಿತ್ತು, ಗೊಬ್ಬರ ತರಬೇಕಿತ್ತು, ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕಿತ್ತು. ಕೇಳಿದ ದರಕ್ಕೆ ಕೊಟ್ಟರು.

ಪೇಟೆಯ ಓದುಗರಿಗಾಗಿ ಓಟಿಯ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. 50 ಕೆಜಿ ಒಣ ಚೆರ್ರಿಯನ್ನು ಹಲ್ಲಿಂಗ್ ಮಾಡಿದರೆ ಎಷ್ಟು ಕೆಜಿ ಬೇಳೆ ಸಿಗುತ್ತದೋ ಅದೇ ಓಟಿ. ಒಂದು ಓಟಿಗೆ 400 ರೂಪಾಯಿ ಎಂದು ಮಾತಾಗಿದ್ದರೆ 28 ಓಟಿಯ ಮೂಟೆಗೆ 11,200 ಆಗುತ್ತದೆ, 26 ಓಟಿಯ ಮೂಟೆಗೆ 10,400. ದರ ಒಂದು ಪೈಸೆ ಕದಲಿಸದೆ, ಓಟಿಯಲ್ಲಿ ಎರಡು ಅಂಕ ತಗ್ಗಿಸಿದರೆ ಮೂಟೆಗೆ 800 ರೂಪಾಯಿ ಹೋಯಿತು. 100 ಮೂಟೆಗೆ 80,000. ಐದೆಕರೆಯ ಮನೆಗೆ ಅದು ಮಕ್ಕಳ ಒಂದು ವರ್ಷದ ಕಾಲೇಜು ಖರ್ಚು. ತಗ್ಗಿದ ಓಟಿ ನಿಜವೇ ಆಗಿದ್ದರೆ ಮಾತಿಲ್ಲ. ಕಾಳು ಸರಿಯಾಗಿ ಬಲಿಯದೆ, ಬೋರರ್ ಹುಳು ಹೊಡೆದು, ಕಣದಲ್ಲಿ ಮಳೆಗೆ ಸಿಕ್ಕಿ ಓಟಿ ಬೀಳುವುದುಂಟು. ಆದರೆ ಮಾತು ಮುಗಿಯುವ ಮೊದಲು ನಿಮ್ಮವರೇ ನೋಡಿ ಒಪ್ಪಿದ ಮಾಲಿನ ಓಟಿ, ಲಂಡನ್ ದರ ಬಿದ್ದ ಮೇಲೆ ಬದಲಾಗಲು ಕಾರಣ ಏನು? ನಿಮ್ಮ ಲಾರಿ ಬಾರದೆ ಮಳೆಗಾಲದ ಹೊಸ್ತಿಲಿನಲ್ಲಿ ಮಾಲು ಕೂತು ತೇವ ಎಳೆದುಕೊಂಡಿದ್ದರೆ ಆ ತೇವದ ಹೊಣೆ ಯಾರದು?

ಕಳಸ, ಸಂಸೆ, ಹೊರನಾಡು ಕಡೆಯವರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ದಾರಿ ನಿಂತ ಮಳೆಗಾಲಗಳನ್ನು ಅವರು ಕಂಡಿದ್ದಾರೆ. ಮಳೆ ಹಿಡಿದ ಮೇಲೆ ತೋಟದ ಮಣ್ಣುರಸ್ತೆಗೆ ಲಾರಿ ಇಳಿಯುವುದಿಲ್ಲ, ಕರೆಂಟು ವಾರಗಟ್ಟಲೆ ಇರುವುದಿಲ್ಲ, ಗೋದಾಮಿನಲ್ಲಿಟ್ಟ ಚೆರ್ರಿ ಬೂಸಲು ಹಿಡಿಯುತ್ತದೆ. ಏಪ್ರಿಲಿನಲ್ಲಿ ‘ನನಗೆ ಬೇಡ’ ಎಂದು ಹೇಳಿದ್ದರೆ ಬೆಳೆಗಾರನಿಗೆ ಇನ್ನೂ ನಾಲ್ಕು ಬಾಗಿಲುಗಳಿದ್ದವು. ಜೂನ್ ಕೊನೆಗೆ ಹೇಳಿದರೆ ಒಂದೂ ಇಲ್ಲ. ನೀವು ಸುಮ್ಮನಿದ್ದ ಒಂದೊಂದು ವಾರವೂ ಅವನ ಒಂದೊಂದು ದಾರಿಯನ್ನು ಮುಚ್ಚುತ್ತದೆ. ಒಳ್ಳೆಯ ವ್ಯಾಪಾರಿಗೆ ಇದು ತಿಳಿಯದ ವಿಷಯವಲ್ಲ. ತಿಳಿದೂ ಮಾಡಿದಾಗಲೇ ಅದನ್ನು ಅನ್ಯಾಯ ಎನ್ನಬೇಕಾಗುತ್ತದೆ.

ನಿಮ್ಮ ಉತ್ತರವೂ ನನಗೆ ಗೊತ್ತಿದೆ. ‘ಕ್ಯೂರಿಂಗಿನವರು ನಮ್ಮಿಂದ ತೆಗೆದುಕೊಳ್ಳಲಿಲ್ಲ, ಅವರಿಂದ ಎಕ್ಸ್‌ಪೋರ್ಟರ್ ತೆಗೆದುಕೊಳ್ಳಲಿಲ್ಲ, ನಾವು ಎಲ್ಲಿಂದ ತರೋಣ?’ ಇದು ಸುಳ್ಳಲ್ಲ. ಮೇಲಿನವರು ಕೈಬಿಟ್ಟರೆ ಕೆಳಗಿನವರಿಗೆ ಪೆಟ್ಟು ಬೀಳುತ್ತದೆ. ಆದರೆ ಈ ಸಾಲಿನಲ್ಲಿ ನಷ್ಟವನ್ನು ಇನ್ನೊಬ್ಬರ ಮೇಲೆ ಹೊರಿಸಲಾಗದ ಮನುಷ್ಯ ಒಬ್ಬನೇ ಇದ್ದಾನೆ, ಅವನು ಗಿಡ ನೆಟ್ಟವನು. ರಫ್ತುದಾರರು ಲಂಡನ್, ನ್ಯೂಯಾರ್ಕ್ ವಾಯಿದೆ ಮಾರುಕಟ್ಟೆಯಲ್ಲಿ ಮುಂಗಡ ಮಾರಿ ಬೆಲೆ ಕುಸಿತದಿಂದ ರಕ್ಷಣೆ ಪಡೆಯಬಹುದು. ಲಂಡನ್ನಿನಲ್ಲಿ ರೋಬಸ್ಟಾ ವಾಯಿದೆಯ ಒಂದು ಲಾಟ್ ಎಂದರೆ 10 ಟನ್ ಬೇಳೆ. ನ್ಯೂಯಾರ್ಕಿನ ಅರೇಬಿಕಾ ಲಾಟ್ 37,500 ಪೌಂಡ್, ಅಂದರೆ ಸುಮಾರು 17 ಟನ್. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿನೊಳಗಿನವು. ಐದೆಕರೆ ರೋಬಸ್ಟಾ ಇರುವವನ ಇಡೀ ವರ್ಷದ ಬೇಳೆ ಎರಡು ಮೂರು ಟನ್ ಆದರೆ ಹೆಚ್ಚು. ಆ ಮಾರುಕಟ್ಟೆಯ ಬಾಗಿಲು ಅವನಿಗೆ ತೆರೆದೇ ಇಲ್ಲ. ನಿಮ್ಮೊಡನೆ ಆಡಿದ ಮಾತೊಂದೇ ಅವನ ರಕ್ಷಣೆ. ಮಾರ್ಚಿನಲ್ಲಿ ನೀವು ದರ ಕಟ್ಟಿದಾಗ ಕಾಫಿಯ ಜೊತೆಗೆ ಅದರ ಬೆಲೆ ಏರುವ ಲಾಭವನ್ನೂ ಇಳಿಯುವ ಅಪಾಯವನ್ನೂ ಕೊಂಡಿರಿ. ಏಪ್ರಿಲಿನಲ್ಲಿ ದರ ಏರಿದ್ದರೆ ಹೆಚ್ಚಿನ ಹಣ ಕೊಡುತ್ತಿದ್ದಿರಾ? ಇಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಹಾಗಿದ್ದ ಮೇಲೆ ಇಳಿದದ್ದೂ ನಿಮ್ಮದೇ.

ನಮ್ಮ ಕಡೆಯ ತಪ್ಪನ್ನೂ ಇಲ್ಲಿ ಬರೆಯದಿದ್ದರೆ ಈ ಪತ್ರಕ್ಕೆ ಬೆಲೆಯಿಲ್ಲ. ದರ ದಿನಕ್ಕೊಂದರಂತೆ ಏರುತ್ತಿದ್ದಾಗ ಮಾತಾದ ಮಾಲನ್ನು ಒಳಗಿಟ್ಟುಕೊಂಡು ‘ಕಣದಲ್ಲೇ ಇದೆ, ಒಣಗಿಲ್ಲ’ ಎಂದ ಬೆಳೆಗಾರರು ಇದ್ದಾರೆ. ಮುಂಗಡ ವಾಪಸ್ ಕೊಟ್ಟು ಇನ್ನೊಬ್ಬರಿಗೆ ತೂಗಿದವರಿದ್ದಾರೆ. ಇದು ಮಲೆನಾಡಿನಲ್ಲಷ್ಟೇ ನಡೆದದ್ದಲ್ಲ. 2021ರಲ್ಲಿ ಬೆಲೆ ಜಿಗಿದಾಗ ಕೊಲಂಬಿಯಾದ ರೈತರು ಮೊದಲೇ ಮಾರಿದ್ದ ಲಕ್ಷಾಂತರ ಮೂಟೆ ಕಾಫಿಯನ್ನು ತಲುಪಿಸಲಿಲ್ಲ, ಅವರದೇ ರೈತ ಒಕ್ಕೂಟ ಅದರ ಭಾರ ಹೊರಬೇಕಾಯಿತು. ವಿಯೆಟ್ನಾಮಿನಲ್ಲಿ 2023–24ರಲ್ಲಿ ಅದೇ ಆಯಿತು, ಮಧ್ಯದ ವ್ಯಾಪಾರಿಗಳು ಹೆಚ್ಚಿನ ಬೆಲೆಗೆ ಕೊಂಡು ತಮ್ಮ ಕರಾರು ತೀರಿಸಬೇಕಾಯಿತು. ನಮ್ಮಲ್ಲೂ ನಿಮ್ಮಂಥವರೇ ಪೆಟ್ಟು ತಿಂದರು. ಬೆಳೆಗಾರ ಬಡವ ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ಏರಿದಾಗ ನಾವು ಮಾತು ಮುರಿದು, ಇಳಿದಾಗ ನಿಮ್ಮ ಬಳಿ ಧರ್ಮ ಕೇಳಲು ಬಂದರೆ ನೀವು ಬಾಗಿಲು ಹಾಕಿಕೊಳ್ಳುವುದು ಸಹಜ.

ಒಂದು ಹಳೆಯ ಸಂಗತಿ ನೆನಪಿಸಬೇಕು, ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1942ರ ಕಾಫಿ ಕಾಯ್ದೆಯ ನಂತರ ಅರ್ಧ ಶತಮಾನದಷ್ಟು ಕಾಲ ನಮ್ಮ ಹಿರಿಯರಿಗೆ ಕೊಳ್ಳುವವನು ಒಬ್ಬನೇ ಇದ್ದ, ಕಾಫಿ ಬೋರ್ಡಿನ ಪೂಲ್. ಬೆಳೆದದ್ದನ್ನು ಅಲ್ಲಿಗೆ ಒಪ್ಪಿಸಬೇಕು, ಮನೆ ಬಳಕೆಗೆ ಸ್ವಲ್ಪ ಇಟ್ಟುಕೊಳ್ಳಬಹುದು. ಹಣ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರುತ್ತಿತ್ತು, ಮುಂದಿನ ಸುಗ್ಗಿ ಬಂದರೂ ಹಿಂದಿನದರ ಕಂತು ಬಾಕಿ ಇರುತ್ತಿತ್ತು. ಆ ಕಷ್ಟ ತಾಳಲಾರದೆ ಬೆಳೆಗಾರರು ಮುಕ್ತ ಮಾರಾಟಕ್ಕಾಗಿ ಹೋರಾಡಿದರು. 1995–96ರ ಹೊತ್ತಿಗೆ ಮೊದಲು ಸಣ್ಣ ಬೆಳೆಗಾರರಿಗೆ, ನಂತರ ಎಲ್ಲರಿಗೂ ಆ ಹಕ್ಕು ಪೂರ್ತಿ ಸಿಕ್ಕಿತು. ಪೂಲಿನ ಮೇಲೆ ನೂರು ದೂರು ಹೇಳಬಹುದು. ಆದರೆ ಗೋದಾಮಿಗೆ ಸೇರಿದ ಮಾಲನ್ನು ಬೋರ್ಡು ‘ಬೇಡ, ವಾಪಸ್ ಒಯ್ಯಿ’ ಎಂದು ಬೆಲೆ ನೋಡಿ ಹೇಳುತ್ತಿರಲಿಲ್ಲ. ಮುಕ್ತ ಮಾರುಕಟ್ಟೆ ಬಂತು, ನೂರಾರು ಖರೀದಿದಾರರು ಬಂದರು, ನಮಗೆ ಒಳ್ಳೆಯ ಬೆಲೆಯೂ ಬಂತು. ಕೊಡುಕೊಳ್ಳುವವರ ನಡುವೆ ಇರಬೇಕಾದ ನಡವಳಿಕೆಯನ್ನು ಮಾತ್ರ ನಾವು ಯಾರೂ ಕೂತು ಮಾತಾಡಿ ಗೊತ್ತು ಮಾಡಿಕೊಳ್ಳಲಿಲ್ಲ. ಮೂವತ್ತು ವರ್ಷದ ಬಾಕಿ ಅದು.

ಕಾನೂನು ಏನು ಹೇಳುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ‘ಕಾಗದ ಎಲ್ಲಿದೆ?’ ಎಂದು ಕೇಳುವ ವ್ಯಾಪಾರಿಗಳು, ಕಾಗದವಿಲ್ಲವೆಂದು ಸುಮ್ಮನಾಗುವ ಬೆಳೆಗಾರರು ಇಬ್ಬರಿಗೂ ಹೇಳುತ್ತೇನೆ. 1930ರ ಸರಕು ಮಾರಾಟ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಾಯಿಮಾತಿನ ಮಾರಾಟವೂ ಮಾರಾಟವೇ. ವಾಟ್ಸಾಪಿನಲ್ಲಿ ಬರೆದ ದರ, ಮುಂಗಡ ಬಂದ ಬ್ಯಾಂಕ್ ಸಂದೇಶ, ಸ್ಯಾಂಪಲ್ ತೆಗೆದ ಚೀಟಿ ಇವೆಲ್ಲ ಸಾಕ್ಷ್ಯಕ್ಕೆ ಬರುತ್ತವೆ. ಕೊಂಡವನು ಕಾರಣವಿಲ್ಲದೆ ಮಾಲು ಎತ್ತದಿದ್ದರೆ ಅದೇ ಕಾಯ್ದೆಯ 56ನೇ ಕಲಮಿನಂತೆ ನಷ್ಟ ಕೇಳಬಹುದು. ನಷ್ಟದ ಅಳತೆ 1872ರ ಕರಾರು ಕಾಯ್ದೆಯ 73ನೇ ಕಲಮಿನಲ್ಲಿದೆ. ಸಾಮಾನ್ಯವಾಗಿ ಅದು ಮಾತಾದ ದರಕ್ಕೂ ಮಾತು ಮುರಿದ ದಿನದ ಮಾರುಕಟ್ಟೆ ದರಕ್ಕೂ ಇರುವ ವ್ಯತ್ಯಾಸ. ಇಲ್ಲಿ ಇಬ್ಬರೂ ಗಮನಿಸಬೇಕಾದ್ದು ಒಂದಿದೆ. ನಷ್ಟವಾದವನು ಕೈಕಟ್ಟಿ ಕೂರುವಂತಿಲ್ಲ, ತನ್ನ ನಷ್ಟ ಕಡಿಮೆ ಮಾಡಿಕೊಳ್ಳಲು ಯತ್ನಿಸಬೇಕು ಎಂದು ಕಾನೂನು ಬಯಸುತ್ತದೆ. ಹಾಗೆ ಯತ್ನಿಸಬೇಕಾದರೆ ಕೊಳ್ಳುವವನು ಹಿಂದೆ ಸರಿದದ್ದು ಅವನಿಗೆ ಗೊತ್ತಾಗಬೇಕು. ನೀವು ಬೇಗ ಹೇಳಿದಷ್ಟೂ ಅವನ ನಷ್ಟ ಕಡಿಮೆ, ನಿಮ್ಮ ಹೊಣೆಯೂ ಕಡಿಮೆ. ಸುಮ್ಮನಿದ್ದರೆ ಎರಡೂ ಬೆಳೆಯುತ್ತವೆ.

ಮುಂಗಡದ ವಿಷಯದಲ್ಲಿ ಬೆಳೆಗಾರರೂ ನ್ಯಾಯ ಕಲಿಯಬೇಕು. ಕೊಳ್ಳುವವನು ಹಿಂದೆ ಸರಿದ ಕೂಡಲೇ ಕೊಟ್ಟದ್ದೆಲ್ಲ ತಮ್ಮದೇ ಎಂದು ಬೀಗ ಹಾಕುವವರಿದ್ದಾರೆ. ಸುಪ್ರೀಂ ಕೋರ್ಟಿನ 1969ರ ಮೌಲಾ ಬಕ್ಸ್ ಪ್ರಕರಣ ಇಲ್ಲಿ ನೆನಪಾಗುತ್ತದೆ. ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸುವ ಗುತ್ತಿಗೆ ಹಿಡಿದಿದ್ದ ಒಬ್ಬನ ಠೇವಣಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಪೂರೈಸದೆ ತಪ್ಪಿದವನು ಅವನೇ. ಆದರೂ ಸರ್ಕಾರ ತನಗೆ ನಿಜವಾಗಿ ಎಷ್ಟು ನಷ್ಟವಾಯಿತೆಂದು ತೋರಿಸಬಹುದಾಗಿದ್ದೂ ತೋರಿಸಲಿಲ್ಲ, ಆದ್ದರಿಂದ ಠೇವಣಿ ಇಟ್ಟುಕೊಳ್ಳುವಂತಿಲ್ಲ ಎಂದಿತು ಕೋರ್ಟು. ವ್ಯವಹಾರ ಖಚಿತವೆಂಬ ಗುರುತಿಗೆ ಕೊಟ್ಟ ಸಂಚಕಾರದ ಮಾತು ಬೇರೆ, ಅದನ್ನು ಮಾತು ಮುರಿದವನು ಕಳೆದುಕೊಳ್ಳುವುದು ನ್ಯಾಯವೆಂದು ಕೋರ್ಟುಗಳು ಒಪ್ಪಿವೆ. ಆದರೆ ಬೆಲೆಯ ಭಾಗವಾಗಿ ದೊಡ್ಡ ಮುಂಗಡ ಕೊಟ್ಟವನು ನಿಜವಾದ ಕಷ್ಟಕ್ಕೆ ಸಿಕ್ಕಿ ಬೇಗನೆ ಬಂದು ಹೇಳಿದರೆ, ನಮ್ಮ ನಷ್ಟದಷ್ಟು ಹಿಡಿದು ಉಳಿದದ್ದನ್ನು ವಾಪಸ್ ಕೊಡುವುದೇ ಸರಿ. ಇನ್ನೊಬ್ಬರಿಗೆ ಅದೇ ದರಕ್ಕೆ ಮಾರಿಯೂ ಮೊದಲನೆಯವನ ಮುಂಗಡ ಜೇಬಿಗಿಳಿಸುವುದು ಸಂಪಾದನೆಯಲ್ಲ.

ಹಿಂದೆ ಸರಿಯುವುದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ದರ ವಿಚಾರಿಸುವುದು ಮಾತಾದಂತಲ್ಲ. ‘ನೋಡಿ ಹೇಳ್ತೀನಿ’ ಎಂದವನನ್ನು ಹಿಡಿದು ನಿಲ್ಲಿಸುವ ಹಕ್ಕು ನಮಗಿಲ್ಲ. ಸ್ಯಾಂಪಲಿನಲ್ಲಿ ಒಂದು, ಮೂಟೆಯ ತಳದಲ್ಲಿ ಇನ್ನೊಂದು ಇದ್ದರೆ ಮಾಲು ಬಿಟ್ಟು ಹೋಗುವ ಪೂರ್ತಿ ಹಕ್ಕು ನಿಮ್ಮದು. ಹಳೆಯ ಮಾಲು ಬೆರೆಸಿದ್ದರೆ, ಬ್ಲ್ಯಾಕು ಬಿಟ್ಸು ತುಂಬಿದ್ದರೆ ಮುಖಕ್ಕೇ ಹೇಳಿ. ಆದರೆ ತೂಕದ ದಿನವೇ ಹೇಳಿ. ಗೋದಾಮಿಗೆ ಇಳಿಸಿಕೊಂಡು ತಿಂಗಳ ನಂತರ, ಹಣ ಕೇಳಲು ಬಂದಾಗ ತೆಗೆಯುವ ತಕರಾರಿಗೆ ಕಾನೂನಿನಲ್ಲೂ ಬಲವಿಲ್ಲ. ಕೊಂಡವನು ಸಕಾಲದಲ್ಲಿ ತಿರಸ್ಕರಿಸದೆ ಮಾಲನ್ನು ಇಟ್ಟುಕೊಂಡರೆ ಒಪ್ಪಿದಂತೆ ಎಂದು ಸರಕು ಮಾರಾಟ ಕಾಯ್ದೆಯ 42ನೇ ಕಲಮು ಹೇಳುತ್ತದೆ. ನಮ್ಮ ಕಾಫಿಯನ್ನು ಯುರೋಪಿನಲ್ಲಿ ಕೊಳ್ಳುವವರ ಕರಾರು ಪತ್ರಗಳಲ್ಲೂ ಗುಣಮಟ್ಟದ ತಕರಾರಿಗೆ ಕಟ್ಟುನಿಟ್ಟಾದ ಗಡುವು ಇರುತ್ತದೆ, ಜಗಳ ಬಂದರೆ ಎಲ್ಲಿ ಯಾರ ಮುಂದೆ ಪಂಚಾಯ್ತಿ ಎಂಬುದೂ ಮೊದಲೇ ಬರೆದಿರುತ್ತದೆ. ಇಲ್ಲಿಂದ ಹೊರಟ ಕಾಫಿಗೆ ಅಲ್ಲಿ ಸಿಗುವ ಶಿಸ್ತು ಅದು ಬೆಳೆದ ಊರಿನಲ್ಲಿ ಯಾಕಿರಬಾರದು?

ಮೆಣಸನ್ನು ಬಳ್ಳಿಯ ಮೇಲೇ ಗುತ್ತಿಗೆ ಹಿಡಿಯುವವರಿಗೆ, ಅಡಕೆ ಚೇಣಿ ಮಾಡುವವರಿಗೆ, ಸಿಲ್ವರ್ ಓಕ್ ಕೊಳ್ಳುವವರಿಗೆ ಒಂದೆರಡು ಮಾತು. ಬಳ್ಳಿಯ ಮೇಲಿನ ಫಸಲು ಕಾಯುವುದಿಲ್ಲ. ಗುತ್ತಿಗೆ ಹಿಡಿದವರು ಕೊಯ್ಲಿನ ಹೊತ್ತಿಗೆ ಕಾಣೆಯಾದರೆ ಏಣಿ ಹತ್ತುವ ಜನರನ್ನು ಬೆಳೆಗಾರ ಆಗ ಹುಡುಕಬೇಕು, ಅಷ್ಟರಲ್ಲಿ ಹಣ್ಣಾದ ಕಾಳು ಉದುರಿರುತ್ತದೆ. ಸಿಲ್ವರ್ ಓಕಿನಲ್ಲಿ ಇನ್ನೂ ಕೆಟ್ಟ ಪದ್ಧತಿ ಬಂದಿದೆ. ರಸ್ತೆ ಬದಿಯ ದಪ್ಪ ಮರಗಳನ್ನು ಕಡಿದು ಸಾಗಿಸಿ, ಮರದ ಬೆಲೆ ಇಳಿಯಿತೆಂದು ಒಳಗಿನ ತೆಳ್ಳನೆಯ ಮರಗಳನ್ನು ಬಿಟ್ಟು ಹೋಗುತ್ತಾರೆ. ಒಟ್ಟು ತೋಟಕ್ಕೆ ಸರಾಸರಿ ದರ ಮಾತಾಡಿ ಒಳ್ಳೆಯದನ್ನಷ್ಟೇ ಒಯ್ಯುವುದು ವ್ಯಾಪಾರ ಮುರಿದದ್ದಕ್ಕಿಂತ ಮಿಗಿಲಾದ ವಂಚನೆ. ಬಿದ್ದ ಮರಗಳ ಕೆಳಗೆ ಮುರಿದ ಕಾಫಿ ಗಿಡಕ್ಕೆ ಮತ್ತೆ ಫಸಲು ಹಿಡಿಯಲು ವರ್ಷಗಳು ಬೇಕು.

ನಾನು ಕೇಳುವುದು ಹೆಚ್ಚಲ್ಲ. ಮಾತು ಮುಗಿದ ದಿನ ಕನ್ನಡದಲ್ಲಿ ಒಂದು ಚೀಟಿ ಬರೆಯೋಣ. ಮಾಲು ಯಾವುದು, ಮೂಟೆ ಎಷ್ಟು, ತೇವ ಎಷ್ಟು, ಓಟಿ ಎಷ್ಟು, ದರ ಎಷ್ಟು, ಯಾವ ತಾರೀಕಿನೊಳಗೆ ಲಾರಿ, ಎಷ್ಟು ದಿನದಲ್ಲಿ ಹಣ. ಇಬ್ಬರ ರುಜು. ಸೀಲು ಮಾಡಿದ ಸ್ಯಾಂಪಲಿನ ಒಂದು ಪೊಟ್ಟಣ ಬೆಳೆಗಾರನ ಮನೆಯಲ್ಲಿ, ಇನ್ನೊಂದು ನಿಮ್ಮ ಅಂಗಡಿಯಲ್ಲಿ ಇರಲಿ, ಆಮೇಲೆ ಓಟಿಯ ಜಗಳವೇ ಹುಟ್ಟದು. ಚೀಟಿಯ ತಾರೀಕು ದಾಟಿ ಲಾರಿ ಬಾರದಿದ್ದರೆ ಬೆಳೆಗಾರ ಯಾರಿಗೂ ಹೇಳದೆ ಇನ್ನೊಬ್ಬರಿಗೆ ಮಾರಲು ಸ್ವತಂತ್ರ ಎಂಬ ಒಂದು ಸಾಲೂ ಅದರಲ್ಲಿರಲಿ. ಕಾಯುವ ದಿನಗಳಲ್ಲಿ ಮಾಲು ಕೆಟ್ಟರೆ ಕಾಯಿಸಿದವರು ಹೊರಬೇಕು, ಮಾತಾದ ಮೇಲೆ ಆ ತಾರೀಕಿನೊಳಗೆ ಬೆಳೆಗಾರ ಬೇರೆಯವರಿಗೆ ತೂಗಿದರೆ ವ್ಯತ್ಯಾಸದ ಹಣ ಬೆಳೆಗಾರನೇ ಕೊಡಬೇಕು. ಎರಡಕ್ಕೂ ಒಂದೇ ಅಳತೆ.

ಕೋರ್ಟು ಕಚೇರಿ ಅಲೆಯುವ ಶಕ್ತಿ ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ಅದರ ಅಗತ್ಯವೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಡಿ ಲೋಕ ಅದಾಲತ್ತಿಗೆ ದಾವೆ ಹೂಡುವ ಮೊದಲೇ ಹೋಗಬಹುದು. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲಿಲ್ಲ. ಅದಕ್ಕೂ ಮುಂಚೆ ಊರಿನಲ್ಲೇ ಮುಗಿಯುವ ವಿಷಯಗಳಿಗೆ ಬೆಳೆಗಾರರ ಸಂಘದ ಇಬ್ಬರು, ವ್ಯಾಪಾರಿಗಳ ಕಡೆಯ ಇಬ್ಬರು ಕೂತರೆ ಸಾಕು. ಪ್ರತಿ ಹೋಬಳಿಯಲ್ಲೂ ಎರಡೂ ಕಡೆಯವರು ನಂಬುವಂಥ ಹಿರಿಯರು ಇನ್ನೂ ಇದ್ದಾರೆ.

ನಿಮ್ಮಲ್ಲಿ ಮಾತಿಗೆ ನಿಂತವರನ್ನು ಇಲ್ಲಿ ನೆನೆಯದೆ ಹೋದರೆ ತಪ್ಪಾದೀತು. ಬೆಲೆ ಕುಸಿದ ವರ್ಷವೂ ಹೇಳಿದ ದರಕ್ಕೇ ಮಾಲು ಎತ್ತಿ, ನಷ್ಟ ನುಂಗಿ, ಮರುವರ್ಷವೂ ನಗುತ್ತ ಬಾಗಿಲಿಗೆ ಬಂದವರಿದ್ದಾರೆ. ‘ಈ ಸಲ ನನ್ನ ಕೈಲಾಗದು, ಬೇರೆಯವರಿಗೆ ಕೊಡಿ’ ಎಂದು ಮರುದಿನವೇ ಫೋನ್ ಮಾಡಿ ಹೇಳಿದವರಿದ್ದಾರೆ. ಹಾಗೆ ಹೇಳಿದವರ ಮೇಲೆ ಯಾರಿಗೂ ಕೋಪ ಬರಲಿಲ್ಲ. ಅವರ ಗೋದಾಮಿಗೆ ಮಾಲು ಹೋಗುವುದು ನಿಂತೂ ಇಲ್ಲ.

ಅರೇಬಿಕಾ ಹಣ್ಣು ನವೆಂಬರಿನಲ್ಲಿ ಶುರುವಾಗುತ್ತದೆ, ರೋಬಸ್ಟಾ ಜನವರಿಯಲ್ಲಿ. ಅದಕ್ಕೆ ಮುಂಚೆ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಮೂರೂ ಕಡೆ ಒಂದೊಂದು ದಿನ ಸಭೆ ಕರೆಯಿರಿ. ಚೀಟಿಯ ನಮೂನೆ ನಾವು ಬರೆದು ತರುತ್ತೇವೆ, ತಿದ್ದುವುದಿದ್ದರೆ ನೀವು ತಿದ್ದಿ. ಅಲ್ಲಿಯವರೆಗೆ, ಯಾರದಾದರೂ ಮಾಲಿಗೆ ಮಾತು ಕೊಟ್ಟು ಈಗ ಬೇಡವಾಗಿದ್ದರೆ ಇವತ್ತೇ ಅವರಿಗೊಂದು ಫೋನ್ ಮಾಡಿ ಹೇಳಿ.

ಇಂತಿ ನಿಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಸಣ್ಣ ಬೆಳೆಗಾರ